ಲಾಟರಿ ಕೈಕೊಡ್ತು, 2019ರ ಜಗಳ ಮತ್ತೆ ಎದ್ದಿತು

ಮೇ 5, 2025, ಸೋಮವಾರ
ಸನಿವೇಲ್

ನಂಬರ್ ಒನ್ ಪಿಕ್ ಹೋಯ್ತು. ಐಲ್ಯಾಂಡರ್ಸ್ ಪಾಲಾಯ್ತು. ಲಾಟರಿ ಪಟ್ಟಿಲಿ ಹತ್ತನೇ ಜಾಗದಲ್ಲಿದ್ದ ಟೀಮು, ಇದ್ದಿದ್ದು 3.5 ಪರ್ಸೆಂಟ್ ಚಾನ್ಸು, ಅವ್ರು ಸೀದಾ ಮೇಲಕ್ಕೆ ಹಾರಿದ್ರು, ಇಡೀ ಲೀಗಲ್ಲಿ ಕಟ್ಟಕಡೆಗೆ ಬಂದು 25.5 ಪರ್ಸೆಂಟ್ ಚಾನ್ಸ್ ಇಟ್ಕೊಂಡು ಕೂತಿದ್ದ ನಮ್ ಸ್ಯಾನ್ ಹೋಸೆ ಶಾರ್ಕ್ಸ್ ಎರಡನೇ ಪಿಕ್‌ಗೆ ಇಳೀತು.

ಊರಿಂದ ಓದ್ತಿರೋರಿಗೆ ಚೂರು ಹೇಳ್ಬಿಡ್ತೀನಿ. ಇದು ಐಸ್ ಹಾಕಿ, ಎನ್‌ಎಚ್‌ಎಲ್ ಲೀಗು. ಪ್ಲೇಆಫ್‌ಗೆ ಹೋಗದೆ ಇರೋ ಟೀಮುಗಳಿಗೆ ಡ್ರಾಫ್ಟಲ್ಲಿ ಹೊಸ ಹುಡುಗ್ರನ್ನ ಮೊದಲು ಆರಿಸ್ಕೊಳ್ಳೋ ಹಕ್ಕು ಇರತ್ತೆ, ಅದೇ ಪಿಕ್ಕು, ಆದ್ರೆ ಬೇಕಂತ್ಲೇ ಸೋಲಬಾರದು ಅಂತ ಮಧ್ಯದಲ್ಲಿ ಒಂದು ಲಾಟರಿ ಇಟ್ಟಿದಾರೆ. ಒಂದು ಮೆಷಿನ್ನು, ಅದರೊಳಗೆ 14 ಪಿಂಗ್‌ಪಾಂಗ್ ಬಾಲು, ನಾಲ್ಕು ಹೊರಗೆ ಬರತ್ವೆ, ಆ ನಾಲ್ಕು ನಂಬರ್ ಯಾವ ಟೀಮಿನ ಪಟ್ಟಿಲಿದ್ಯೋ ಅವ್ರಿಗೆ ಅದೃಷ್ಟ. ಇಷ್ಟು ವರ್ಷ ಬಾಗ್ಲು ಹಾಕ್ಕೊಂಡು ಒಳಗೆ ಎತ್ತಿ ಆಮೇಲೆ ಟೀವಿಲಿ ಕಾರ್ಡ್ ತೋರಿಸ್ತಿದ್ರು, ಜನ ಮೋಸ ಮೋಸ ಅಂತಿದ್ರು. ಈ ಸಲ ಮೊದಲ್ನೇ ಸಲ ಲೈವ್‌ನಲ್ಲೇ ಎತ್ತಿದ್ರು. ನಮ್ ಕಣ್ಣೆದುರಿಗೇ ಬಾಲು ಒಂದೊಂದಾಗಿ ಪೈಪಲ್ಲಿ ಮೇಲೆ ಬಂದು ನಿಂತ್ವು. ಒಂದು ಲೆಕ್ಕಕ್ಕೆ ಇದು ಇನ್ನೂ ಕಷ್ಟ, ಯಾಕಂದ್ರೆ ಬೈಯ್ಯೋಕೆ ಯಾರೂ ಸಿಗಲ್ಲ.

ಅಕ್ಕನ ಮನೇಲಿ ನೋಡಿದ್ವಿ. ಬಾವ 90ರ ದಶಕದಿಂದ ಇಲ್ಲೇ ಇರೋರು, ಟೀಮು ಕೌ ಪ್ಯಾಲೇಸ್ ಬಿಟ್ಟು ಈಗಿನ ಅರೀನಾಗೆ ಬಂದಾಗಿಂದ ಫ್ಯಾನು, 1994ರಲ್ಲಿ ಡೆಟ್ರಾಯ್ಟ್‌ನ ಮೊದಲ್ನೇ ರೌಂಡಲ್ಲೇ ಮನೆಗೆ ಕಳಿಸಿದ್ದನ್ನ ಇವತ್ತಿಗೂ ಮದುವೆ ಮನೇಲಿ ಕೂತ್ರೂ ಹೇಳ್ತಾರೆ. ಅಕ್ಕನ ಮಗ ಹೈಸ್ಕೂಲು, ಇಲ್ಲೇ ಹುಟ್ಟಿ ಬೆಳ್ದೋನು, ಸ್ಕೇಟ್ ಹಾಕ್ಕೊಂಡೇ ನಡೆಯೋದು ಕಲ್ತ ಅಂದ್ರೂ ಸುಳ್ಳಲ್ಲ. ಅಪ್ಪ ಮಗ ಇಬ್ರಿಗೂ ಒಂದೇ ಟೀಮು, ಆದ್ರೆ ಟೀಮಿನ ಬಗ್ಗೆ ಒಂದು ಮಾತಿಗೂ ಹೊಂದಾಣಿಕೆ ಇಲ್ಲ.

"ಪರ್ವಾಗಿಲ್ಲ ಮಾಮ, ಇನ್ನೊಂದು ವರ್ಷ ಸೋತ್ರೆ ಆಯ್ತು" ಅಂದ ಹುಡ್ಗ, ಬಾಯಲ್ಲಿ ಅವಲಕ್ಕಿ.

ಅಷ್ಟೇ ಸಾಕಾಯ್ತು. ಬಾವ ಸೋಫಾದಿಂದ ಎದ್ದೇಬಿಟ್ರು. "ಸೋಲೋದೊಂದು ಪ್ಲಾನಾ? ಹೋದ ವರ್ಷ 47 ಪಾಯಿಂಟು, ಈ ವರ್ಷ 52, ಎರಡು ಸಲ ಕೊನೇ ಜಾಗ, ಟಿಕೆಟ್‌ಗೆ ದುಡ್ಡು ಕೊಡೋನು ನಾನು. ಬಫಲೋ ನೋಡು, 2011ರ ಮೇಲೆ ಪ್ಲೇಆಫ್ ಮುಖ ನೋಡಿಲ್ಲ, 14 ಸೀಸನ್ ಆಯ್ತು. ಎಷ್ಟು ಪಿಕ್ ತಗೊಂಡ್ರು? ಐಕಲ್‌ನ ತಗೊಂಡ್ರು, ರೈನ್‌ಹಾರ್ಟ್‌ನ ತಗೊಂಡ್ರು, ಇಬ್ರೂ ಬೇರೆ ಊರಿಗೆ ಹೋಗಿ ಕಪ್ ಗೆದ್ರು. ಸೋಲೋದು ಅಭ್ಯಾಸ ಆಗ್ಬಿಟ್ರೆ ಬಿಡಿಸೋಕಾಗಲ್ಲ ಕಣೋ."

ಬಾವ ಹೇಳಿದ್ದು ನಿಜಾನೇ. ಐಕಲ್ 2023ರಲ್ಲಿ ವೇಗಸ್ ಜೊತೆ, ರೈನ್‌ಹಾರ್ಟ್ 2024ರಲ್ಲಿ ಫ್ಲೋರಿಡಾ ಜೊತೆ ಕಪ್ ಎತ್ತಿದ್ರು. ಆದ್ರೆ ಇನ್ನೊಂದು ಕಡೆ ಕೊಲರಾಡೋನೂ ಇದೆ. 2016-17ರಲ್ಲಿ ಅವ್ರದ್ದು 48 ಪಾಯಿಂಟು, ಕಟ್ಟಕಡೆ, ಲಾಟರಿಲಿ ಇನ್ನೂ ಕೆಳಗೆ ಬಿದ್ದು ನಾಲ್ಕನೇ ಪಿಕ್ ಸಿಕ್ತು, ಅಲ್ಲಿನ ಫ್ಯಾನ್ಸೂ ಇವತ್ತು ನಾವು ಅತ್ತ ಹಾಗೇ ಅತ್ತಿರ್ತಾರೆ. ಆ ನಾಲ್ಕನೇ ಪಿಕ್ಕೇ ಕೇಲ್ ಮಕಾರ್. 2022ರಲ್ಲಿ ಕಪ್ಪು. ಹಾಗಾಗಿ ಎರಡನೇ ಪಿಕ್‌ಗೆ ಇಳಿದ್ವಿ ಅಂತ ಎದೆ ಬಡ್ಕೊಳ್ಳೋದು ನನಗೆ ಅತಿ ಅನ್ಸತ್ತೆ. ಹೋದ ವರ್ಷ ಇದೇ ಲಾಟರಿ ನಮಗೆ ಮ್ಯಾಕ್ಲಿನ್ ಸೆಲೆಬ್ರೀನಿನ ಕೊಡ್ತು. ಅವ್ರಪ್ಪ ವಾರಿಯರ್ಸ್ ಬಾಸ್ಕೆಟ್‌ಬಾಲ್ ಟೀಮಲ್ಲಿ ಆಟಗಾರರ ಮೈಕೈ ನೋಡ್ಕೊಳ್ಳೋ ವಿಭಾಗದ ದೊಡ್ಡ ಹುದ್ದೆಲಿದಾರೆ, ಹುಡ್ಗ ಇಲ್ಲೇ ಜೂನಿಯರ್ ಶಾರ್ಕ್ಸ್‌ಗೆ ಆಡಿದೋನು, ಮೊದಲ್ನೇ ಸೀಸನ್ನು ನಮ್ ಟೀಮಿನ ಹಳೇ ಸ್ಟಾರ್ ಜೋ ಥಾರ್ನ್‌ಟನ್ ಮನೇಲೇ ಇದ್ಕೊಂಡು ಆಡಿದಾನೆ, 70 ಮ್ಯಾಚಿಗೆ 63 ಪಾಯಿಂಟು (ಆಟಗಾರನ ಪಾಯಿಂಟ್ ಅಂದ್ರೆ ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ). ಆ ದೇವ್ರಿಗೆ ಎರಡು ವರ್ಷ ಸತತವಾಗಿ ಹರಕೆ ಕಟ್ಟಿದ್ರೆ ಹೇಗೆ.

ಇಲ್ಲಿವರೆಗೂ ಮಾಮೂಲಿ ಜಗಳ. ಆಮೇಲೆ ಹುಡ್ಗ ಬಾಂಬ್ ಹಾಕ್ದ.

"ಅಪ್ಪಾ, ನಾವು ಹೀಗಾಗಿದ್ದೇ ಆ ರೆಫರಿಯಿಂದ. 2019ರ ಆ ಐದು ನಿಮಿಷ ಕೊಡ್ದೇ ಇದ್ದಿದ್ರೆ ಆಗ್ಲೇ ಹಳಬ್ರನ್ನ ಬಿಟ್ಟು ಹೊಸ ಹುಡುಗ್ರಿಂದ ಟೀಮ್ ಕಟ್ಟೋ ರೀಬಿಲ್ಡ್ ಶುರು ಮಾಡ್ತಿದ್ವಿ, ಇಷ್ಟೊತ್ತಿಗೆ ಮುಗಿದಿರೋದು."

ಬಾವ ಆ ರಾತ್ರಿ ಅರೀನಾದಲ್ಲೇ ಇದ್ದೋರು. ಅವರ ಹತ್ರ ಇದನ್ನ ಹೇಳೋದು ಅಂದ್ರೆ ತಿರುಪತಿಗೆ ಹೋಗ್ಬಂದೋರ ಮುಂದೆ ಲಡ್ಡು ಸರಿಯಿಲ್ಲ ಅಂದ ಹಾಗೆ.

ಏಪ್ರಿಲ್ 23, 2019, ಮೊದಲ್ನೇ ರೌಂಡು, ವೇಗಸ್ ಮೇಲೆ ಏಳನೇ ಮ್ಯಾಚು, ಸೋತೋರು ಮನೆಗೆ. ಮೂರನೇ ಪೀರಿಯಡ್, 3-0 ಹಿಂದೆ ಇದೀವಿ, ಇನ್ನು 10 ನಿಮಿಷ 47 ಸೆಕೆಂಡ್ ಬಾಕಿ. ಫೇಸ್‌ಆಫ್. ವೇಗಸ್‌ನ ಕೋಡಿ ಈಕಿನ್, ನಮ್ ಕ್ಯಾಪ್ಟನ್ ಜೋ ಪಾವೆಲ್ಸ್ಕಿ ಎದೆಗೆ ಸ್ಟಿಕ್ ಅಡ್ಡ ಹಿಡ್ದು ತಳ್ದ, ಆಯ ತಪ್ಪಿದ ಪಾವೆಲ್ಸ್ಕಿಗೆ ಇನ್ನೊಬ್ಬ ತಗುಲ್ದ, ಪಾವೆಲ್ಸ್ಕಿ ಹಿಂದಕ್ಕೆ ಬಿದ್ದು ತಲೆ ಐಸಿಗೆ ಬಡೀತು. ರಕ್ತ. ಬಿಳೀ ಐಸಿನ ಮೇಲೆ ಕೆಂಪು. ಅಷ್ಟು ಹೊತ್ತು ತೋಳಿಗೆ ಕಿತ್ತಳೆ ಪಟ್ಟಿ ಕಟ್ಟಿದ ರೆಫರಿಗಳಲ್ಲಿ ಒಬ್ರೂ ಕೈ ಎತ್ತಿರ್ಲಿಲ್ಲ. ರಕ್ತ ನೋಡಿದ್ಮೇಲೆ ಇಬ್ರು ರೆಫರಿ, ಇಬ್ರು ಲೈನ್ಸ್‌ಮನ್ ನಾಲ್ಕೂ ಜನ ಒಂದ್ಕಡೆ ಸೇರಿ ಗುಸುಗುಸು ಮಾತಾಡಿ ಐದು ನಿಮಿಷದ ಮೇಜರ್ ಕೊಟ್ರು, ಈಕಿನ್ ಮ್ಯಾಚಿಂದಾನೇ ಔಟು.

ಎರಡು ನಿಮಿಷದ ಮೈನರ್ ಆದ್ರೆ ಒಂದು ಗೋಲ್ ಹೊಡೆದ ತಕ್ಷಣ ಪವರ್ ಪ್ಲೇ ಮುಗೀತು. ಮೇಜರ್ ಹಾಗಲ್ಲ, ಎಷ್ಟು ಗೋಲ್ ಬೇಕಾದ್ರೂ ಹೊಡಿ, ಐದು ನಿಮಿಷ ಪೂರ್ತಿ ಅವ್ರು ಒಬ್ಬ ಕಮ್ಮಿನೇ. ಕೂಟೂರ್ ಏಳೇ ಸೆಕೆಂಡಲ್ಲಿ ಒಂದು. ಹರ್ಟ್ಲ್ ಒಂದು. ಮತ್ತೆ ಕೂಟೂರ್. ಲಬಾಂಕ್. ನಾಲ್ಕು ನಿಮಿಷ ಒಂದು ಸೆಕೆಂಡಲ್ಲಿ ನಾಲ್ಕು ಗೋಲು, 4-3 ಮುಂದೆ. ವೇಗಸ್ 47 ಸೆಕೆಂಡ್ ಇರೋವಾಗ ಸಮ ಮಾಡ್ಕೊಂಡ್ರು, ಆಮೇಲೆ ಓವರ್‌ಟೈಮಲ್ಲಿ, ಅದೂ ಮುಗಿಯೋಕೆ ಎರಡು ನಿಮಿಷಾನೂ ಇಲ್ದಾಗ, ಕಾರ್ಲ್‌ಸನ್ ಕೊಟ್ಟ ಪಾಸ್ ತಗೊಂಡು ಬಾರ್ಕ್ಲೀ ಗುಡ್‌ರೋ ಹೋಗಿ ಹೊಡ್ದ. ಯಾರ ಲೆಕ್ಕದಲ್ಲೂ ಇಲ್ದೋನು ಗುಡ್‌ರೋ. ಪಕ್ಕದಲ್ಲಿದ್ದ ಗುರುತಿಲ್ಲದ ಸರ್ದಾರ್‌ಜಿ ತಮ್ಮನ್ನ ಎತ್ಕೊಂಡು ಕುಣಿದ್ರು ಅಂತ ಬಾವ ಪ್ರತಿ ಸಲ ಹೇಳ್ತಾರೆ, ಇವತ್ತೂ ಹೇಳಿದ್ರು.

ಸರಿ, ಆ ಮೇಜರ್ ಸರೀನಾ? ಅಲ್ಲ. ಗಾಯ ನೋಡಿ ಶಿಕ್ಷೆ ಕೊಟ್ರು, ಮಾಡಿದ ಕೆಲಸ ನೋಡಿ ಅಲ್ಲ. ಲೀಗೇ ವೇಗಸ್‌ನೋರ ಹತ್ರ ಕ್ಷಮೆ ಕೇಳ್ತು, ಆ ಮ್ಯಾಚಿನ ಇಬ್ರು ರೆಫರಿಗಳಿಗೆ ಮುಂದಿನ ರೌಂಡಲ್ಲಿ ಕೆಲ್ಸ ಸಿಗ್ಲಿಲ್ಲ. ಆ ಬೇಸಿಗೇಲೇ ರೂಲ್ ಬದಲಾಯ್ತು, ಹೊಡೆದಾಟದ್ದು ಬಿಟ್ಟು ಉಳಿದ ಮೇಜರ್ ಕೊಟ್ರೆ ರೆಫರಿ ಹೋಗಿ ವಿಡಿಯೋ ನೋಡ್ಲೇಬೇಕು, ಬೇಕಿದ್ರೆ ಮೈನರ್‌ಗೆ ಇಳಿಸ್ಬಹುದು. ಈಗ ಪೆನಾಲ್ಟಿ ಬಾಕ್ಸ್ ಪಕ್ಕ ರೆಫರಿ ಟ್ಯಾಬ್ಲೆಟ್ ಮೇಲೆ ಬಗ್ಗಿ ನೋಡ್ತಾರಲ್ಲ, ಅದು ಪಾವೆಲ್ಸ್ಕಿ ರಕ್ತದಿಂದ ಬಂದಿದ್ದು.

ಅದೊಂದೇ ಆಗಿದ್ರೆ ಸುಮ್ನಿರ್ಬಹುದಿತ್ತು. ಎರಡನೇ ರೌಂಡಲ್ಲಿ ಕೊಲರಾಡೋ ಮೇಲೆ ಏಳನೇ ಮ್ಯಾಚು, ಅವ್ರದ್ದೊಂದು ಗೋಲು ಆಫ್‌ಸೈಡ್ ಅಂತ ಕಿತ್ಹಾಕಿದ್ರು. ಯಾರು ಆಫ್‌ಸೈಡು? ಲ್ಯಾಂಡೆಸ್ಕಾಗ್, ಪಕ್ಕಿನ (ಆಡೋ ರಬ್ಬರ್ ಬಿಲ್ಲೆ) ಹತ್ರಾನೂ ಇಲ್ಲ, ತಮ್ ಬೆಂಚಿನ ಬಾಗ್ಲಲ್ಲಿ ಒಳಗೆ ಹೋಗೋಕೆ ನಿಧಾನ ಮಾಡ್ತಿದ್ದ. ರೂಲ್ ಪ್ರಕಾರ ಸರಿ, ಆದ್ರೂ ಅವ್ರ ಹೊಟ್ಟೆ ಉರಿಯತ್ತೋ ಇಲ್ವೋ? ಮೂರನೇ ರೌಂಡು, ಸೇಂಟ್ ಲೂಯಿಸ್‌ನಲ್ಲಿ ಮೂರನೇ ಮ್ಯಾಚು, ಓವರ್‌ಟೈಮು. ಟೀಮೋ ಮೈಯರ್ ಗ್ಲೌಸಲ್ಲಿ ಪಕ್ಕನ್ನ ಹೊಡ್ದು ಮುಂದಕ್ಕೆ ಕಳಿಸ್ದ, ಅದು ನೈಕ್ವಿಸ್ಟ್‌ಗೆ, ಅಲ್ಲಿಂದ ಕಾರ್ಲ್‌ಸನ್‌ಗೆ, ಗೋಲು. ಕೈಯಲ್ಲಿ ಪಾಸ್ ಕೊಡೋ ಹಾಗಿಲ್ಲ, ಇದು ಹ್ಯಾಂಡ್ ಪಾಸ್ ಅಂತ ಟೀವಿ ಮುಂದೆ ಕೂತ ಅಜ್ಜಿಗೂ ಗೊತ್ತಾಗ್ತಿತ್ತು, ನಾಲ್ಕು ಜನ ರೆಫರಿ ಲೈನ್ಸ್‌ಮನ್‌ಗಳಿಗೆ ಕಾಣ್ಲಿಲ್ಲ, ವಿಡಿಯೋ ನೋಡೋಕೆ ಆಗ ರೂಲೇ ಇರ್ಲಿಲ್ಲ. ಗೋಲು ನಿಂತ್ಕೊಳ್ತು. ಅದನ್ನೂ ಆ ಬೇಸಿಗೇಲಿ ಚಾಲೆಂಜ್ ಮಾಡ್ಬಹುದು ಅಂತ ತಿದ್ದಿದ್ರು. ಸೇಂಟ್ ಲೂಯಿಸ್‌ನೋರು ಅಳ್ತಾ ಕೂರ್ಲಿಲ್ಲ ನೋಡಿ, ಮುಂದಿನ ಮೂರೂ ಮ್ಯಾಚ್ ಗೆದ್ದು, ಆಮೇಲೆ ಕಪ್ಪೂ ಗೆದ್ರು.

ಒಂದೇ ವಸಂತದಲ್ಲಿ ಇಷ್ಟೆಲ್ಲಾ ನಮ್ ಕಡೆ ಬಿದ್ದಿದೆ. ಈಗ ಸೆಲೆಬ್ರೀನಿ ಕಾಲಿಗೆ ಸ್ಟಿಕ್ ಸಿಕ್ಸಿದ್ರೆ ರೆಫರಿ ಕೊಡ್ಲಿಲ್ಲ ಅಂತ ಇಡೀ ಅರೀನಾ ಎದ್ದು ಬೈಯ್ಯತ್ತೆ, ನಾನೂ ಬೈತೀನಿ, ಆದ್ರೆ ಶಾರ್ಕ್ಸ್ ಫ್ಯಾನ್‌ಗೆ ರೆಫರಿ ಬೈಯ್ಯೋ ಲೈಸೆನ್ಸು ಇನ್ನೊಂದು ಹತ್ತು ವರ್ಷ ಸಸ್ಪೆಂಡ್ ಮಾಡ್ಬೇಕು ಅಂತ ನನ್ನ ಅಭಿಪ್ರಾಯ. ಮಡಿಕೇರಿ ಕಡೆ ಫ್ರೆಂಡ್ ಒಬ್ಬ ಇದಾನೆ, ಮನೆತನದ ಟೀಮಿಗೆ ಆಡಿದೋನು, ಮೊನ್ನೆ ಏಪ್ರಿಲಲ್ಲಿ ಕೊಡವ ಮನೆತನಗಳ ಹಾಕಿ, ಮುದ್ದಂಡ ಕಪ್ ಅಂತ ರಾತ್ರಿಯೆಲ್ಲಾ ಫೋನಲ್ಲಿ ಲೈವ್ ನೋಡ್ತಿದ್ದ. ಅವನ ಪ್ರಕಾರ ಟರ್ಫ್ ಹಾಕಿಲಿ ಟೀಮಿಗೊಂದು ರೆಫರಲ್ ಇರತ್ತೆ, ತಪ್ಪಾಗಿ ಕೇಳಿದ್ರೆ ಅದೂ ಹೋಯ್ತು, ಬಾಯ್ಮುಚ್ಕೊಂಡು ಆಡ್ತಾರೆ, ನಿಮ್ಮೋರ ಥರ ಎದೆ ಬಡ್ಕೊಳ್ಳಲ್ಲ. ಮನೆತನದ ಮ್ಯಾಚಲ್ಲಿ ಅಂಪೈರ್‌ಗೆ ಯಾರೂ ಏನೂ ಅನ್ನಲ್ವಾ ಅಂದೆ. ಮಾತು ಬದಲಾಯಿಸ್ದ.

ಈಗ ಹುಡುಗನ ಬಾಂಬ್‌ಗೆ ಬರೋಣ. ಆ ಕಾಲ್‌ನಿಂದ್ಲೇ ರೀಬಿಲ್ಡ್ ಲೇಟಾಯ್ತಾ?

ಅವನ ವಾದ ಹೀಗೆ. ಆವತ್ತು ಸೋತಿದ್ರೆ ಮೊದಲ್ನೇ ರೌಂಡಲ್ಲೇ ಔಟು, ಮ್ಯಾನೇಜ್‌ಮೆಂಟ್‌ಗೆ ಟೀಮಿಗೆ ವಯಸ್ಸಾಗಿದೆ ಅಂತ ಜ್ಞಾನೋದಯ ಆಗಿರೋದು. ಗೆದ್ದು ಮೂರನೇ ರೌಂಡ್ ತಂಕ ಹೋಗಿದ್ದಕ್ಕೆ ಇನ್ನೊಂದು ಕೈ ನೋಡೋಣ ಅಂತ ಜೂನಲ್ಲಿ ಕಾರ್ಲ್‌ಸನ್‌ಗೆ ಎಂಟು ವರ್ಷಕ್ಕೆ 92 ಮಿಲಿಯನ್ ಡಾಲರ್ ಬರೆದ್ಕೊಟ್ರು. ಆ ದುಡ್ಡಿನ ಲೆಕ್ಕದಲ್ಲಿ ಪಾವೆಲ್ಸ್ಕಿಗೆ ಜಾಗ ಇಲ್ದೆ ಅವನು ಡಲ್ಲಾಸ್‌ಗೆ ಹೋದ. ಯಾರ ತಲೆ ಒಡ್ದು ಆ ಐದು ನಿಮಿಷ ಸಿಕ್ತೋ ಅವನನ್ನೇ ಬಿಟ್ವಿ. ಮುಂದಿನ ಸೀಸನ್ನೇ ಟೀಮು ಕುಸೀತು, ಆ ಕುಸಿತಕ್ಕೆ ಬಂದ 2020ರ ಮೂರನೇ ಪಿಕ್ಕೂ ನಮ್ಮದಲ್ಲ, ಕಾರ್ಲ್‌ಸನ್‌ನ ತರೋವಾಗ ಒಟ್ಟಾವಾಗೆ ಕೊಟ್ಟಾಗಿತ್ತು, ಅವ್ರು ಅದ್ರಲ್ಲಿ ಸ್ಟ್ಯೂಟ್ಸ್ಲನ್ನ ತಗೊಂಡ್ರು.

ಕೇಳೋಕೆ ಚೆನ್ನಾಗಿದೆ. ಬಾವ ಒಂದು ಕ್ಷಣ ಸುಮ್ನಾಗಿ, ಆಮೇಲೆ ಹೇಳಿದ್ದು ಇದು: "ವ್ಲಾಸಿಕ್‌ಗೆ ಎಂಟು ವರ್ಷದ ಕಾಂಟ್ರಾಕ್ಟ್ ಯಾವಾಗ ಕೊಟ್ರು? 2017. ಕೇನ್‌ಗೆ ಏಳು ವರ್ಷ? 2018. ಕೂಟೂರ್‌ಗೆ ಎಂಟು? ಅದೂ 2018. ಇದೆಲ್ಲಾ ಆ ರೆಫರಿ ಬಂದು ಸೈನ್ ಹಾಕಿದ್ನಾ?"

ನನ್ನ ಪ್ರಕಾರ ಇಲ್ಲಿ ಬಾವ ಗೆದ್ರು. ಮೂವತ್ತು ದಾಟಿದೋರಿಗೆ, ದಾಟೋಕೆ ಹೊರಟೋರಿಗೆ ಉದ್ದುದ್ದ ಕಾಂಟ್ರಾಕ್ಟ್ ಕೊಡೋ ಚಟ ಆ ಮ್ಯಾಚಿಗಿಂತ ಮುಂಚೇನೇ ಇತ್ತು. ರೆಫರಿ ಹೆಚ್ಚಂದ್ರೆ ಒಂದು ಸೈನ್‌ಗೆ ಧೈರ್ಯ ಕೊಟ್ಟ, ಉಳಿದಿದ್ದೆಲ್ಲಾ ನಾವೇ ಕೈಯಾರೆ ಮಾಡ್ಕೊಂಡಿದ್ದು. ಈಗಿನ ಜನರಲ್ ಮ್ಯಾನೇಜರ್ ಮೈಕ್ ಗ್ರಿಯರ್ 2022ರಲ್ಲಿ ಬಂದ್ಮೇಲೆ ಅದನ್ನೇ ಒಂದೊಂದಾಗಿ ಬಿಚ್ತಾ ಇದಾರೆ. ಬರ್ನ್ಸ್ ಹೋದ, ಮೈಯರ್ ಹೋದ, ಕಾರ್ಲ್‌ಸನ್ 101 ಪಾಯಿಂಟ್ ಹೊಡ್ದು ಲೀಗಿನ ಬೆಸ್ಟ್ ಡಿಫೆನ್ಸ್ ಆಟಗಾರನಿಗೆ ಕೊಡೋ ನಾರಿಸ್ ಟ್ರೋಫಿ ತಗೊಂಡ ಬೇಸಿಗೇಲೇ ಪಿಟ್ಸ್‌ಬರ್ಗ್‌ಗೆ ಹೋದ. ಹರ್ಟ್ಲ್ ಹೋಗಿದ್ದಂತೂ ವೇಗಸ್‌ಗೆ, ಬಾವ ಆವತ್ತು ಊಟ ಬಿಟ್ಟಿದ್ರು. ಆದ್ರೆ ಹರ್ಟ್ಲ್ ಕೊಟ್ಟು ಸಿಕ್ಕ ಎಡ್‌ಸ್ಟ್ರಮ್ ಅನ್ನೋ ಹುಡುಗನ್ನ, ಜೊತೆಗೊಂದು ಫಸ್ಟ್ ರೌಂಡ್ ಪಿಕ್‌ನ ನ್ಯಾಶ್‌ವಿಲ್‌ಗೆ ಕೊಟ್ಟು ಅಸ್ಕರೋವ್ ಅನ್ನೋ ಗೋಲ್‌ಕೀಪರ್‌ನ ತಂದ್ರು. ಸೋಲೋದು ಅಂದ್ರೆ ಸುಮ್ನೆ ಸೋಲೋದಲ್ಲ, ಬಫಲೋಗೂ ನಮಗೂ ವ್ಯತ್ಯಾಸ ಇದ್ರೆ ಇಲ್ಲೇ ಇರ್ಬೇಕು. ತಮಾಷೆ ಅಂದ್ರೆ ಆ ಗುಡ್‌ರೋ ಊರೆಲ್ಲಾ ಸುತ್ತಿ, ಎರಡು ಕಪ್ ಗೆದ್ದು, ಹೋದ ಬೇಸಿಗೇಲಿ ವಾಪಸ್ ಇಲ್ಲಿಗೇ ಬಂದಿದಾನೆ, ಕೊನೇ ಜಾಗದ ಟೀಮಲ್ಲಿ ಪೆನಾಲ್ಟಿಯಿಂದ ಒಬ್ಬ ಕಮ್ಮಿ ಇರೋವಾಗ ಗೋಲ್ ಬೀಳ್ದಂಗೆ ತಡೆಯೋ ಕೆಲ್ಸ.

"ಹಾಗಿದ್ರೆ ಎರಡನೇ ಪಿಕ್‌ಗೆ ಯಾರು?" ಅಂತ ಅಕ್ಕ ಕೇಳಿದ್ಳು, ಅಲ್ಲಿವರೆಗೆ ಒಂದು ಮಾತೂ ಆಡಿರ್ಲಿಲ್ಲ. ನಮಗೆ ಬೇಕಾಗಿರೋದು ಡಿಫೆನ್ಸು, ಮ್ಯಾಥ್ಯೂ ಶೇಫರ್, ಡಿಸೆಂಬರಲ್ಲಿ ವರ್ಲ್ಡ್ ಜೂನಿಯರ್ಸ್‌ನಲ್ಲಿ ಕಾಲರ್‌ಬೋನ್ ಮುರ್ಕೊಂಡು ಸೀಸನ್ನೇ ಹೋದ್ರೂ ಎಲ್ರೂ ಅವನೇ ನಂಬರ್ ಒನ್ ಅಂತಿದಾರೆ. ಐಲ್ಯಾಂಡರ್ಸ್ ಬಿಡೋ ಮಾತೇ ಇಲ್ಲ. ಹುಡ್ಗ ಮೈಕಲ್ ಮೀಸಾ ಅಂತಾನೆ, ಸ್ಯಾಗಿನಾ ಅನ್ನೋ ಜೂನಿಯರ್ ಟೀಮಿಗೆ 65 ಮ್ಯಾಚಲ್ಲಿ 134 ಪಾಯಿಂಟ್ ಹೊಡ್ದಿರೋ ಸೆಂಟರು, ಸೆಲೆಬ್ರೀನಿ ಹಿಂದೆ ಎರಡನೇ ಲೈನಿಗೆ ಅವನನ್ನ ನಿಲ್ಸಿದ್ರೆ ಎದುರು ಟೀಮಿಗೆ ಉಸಿರಾಡೋಕೆ ಜಾಗ ಇರಲ್ಲ. ನನ್ನ ಓಟೂ ಅವನಿಗೇ. ಬಾವ ಮಾತ್ರ ಪಿಕ್ ಕೆಳಗೆ ಇಳಿಸ್ಕೊಂಡಾದ್ರೂ ಡಿಫೆನ್ಸ್ ಹುಡುಗನ್ನ ತರ್ಲಿ, ಹಿಂದೆ ಯಾರೂ ಇಲ್ದೆ ಎಷ್ಟು ದಿನ ಅಂತ 5-4 ಸೋಲು ನೋಡೋದು ಅಂತಾರೆ. ಡ್ರಾಫ್ಟ್ ಜೂನ್ 27ಕ್ಕೆ, ಲಾಸ್ ಏಂಜಲೀಸ್‌ನಲ್ಲಿ. ಮೀಸಾ ಬಂದ್ರೆ ಬಾವ ಮುಂದಿನ ಸೀಸನ್ನಿಗೆ ಹುಡುಗನಿಗೊಂದು ಹೊಸ ಜೆರ್ಸಿ ಕೊಡಿಸ್ಬೇಕು ಅಂತ ಪಂದ್ಯ ಆಗಿದೆ, ಬರ್ದೇ ಇದ್ರೆ ಹುಡ್ಗ ಬೇಸಿಗೆ ಪೂರ್ತಿ ಹಿತ್ತಲ ಹುಲ್ಲು ಕತ್ತರಿಸ್ಬೇಕು.