ಕರಡು ಪಿಡಿಎಫ್‌ಗಳು ಗೂಗಲ್ ಹುಡುಕಾಟದಿಂದ ಮರೆಯಾದವು: ಕಾಟ ಕೊಟ್ಟದ್ದು ಒಂದೇ ಸಾಲು

ಹಳೇ ಸಂಚಿಕೆಗಳ ಸೈಟಿನ ಕರಡು ಫೋಲ್ಡರ್ ಕೊನೆಗೂ ಹುಡುಕಾಟದಲ್ಲಿ ಕಾಣುತ್ತಿಲ್ಲ. ಸೈಟ್‌ಮ್ಯಾಪ್ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ), ಸರ್ಚ್ ಕನ್ಸೋಲ್ (ಸೈಟಿನವರಿಗೆಂದು ಗೂಗಲ್ ಕೊಡುವ ಉಸ್ತುವಾರಿ ಪುಟ) ಜೋಡಣೆ ಎಲ್ಲ ಮಾಮೂಲಿ, ಬಿಡಿ.

ಬಾಟ್‌ಗಳು, ಅಂದರೆ ಪುಟಗಳನ್ನು ತಾವಾಗಿ ಓದುತ್ತಾ ಹೋಗುವ ಹುಡುಕಾಟದ ಪ್ರೋಗ್ರಾಮ್‌ಗಳು, ಎಲ್ಲಿಗೆ ಬರಬಾರದು ಎಂದು ಹೇಳುವ ರೋಬಾಟ್ಸ್ ಫೈಲಿನಲ್ಲಿ ಆ ಫೋಲ್ಡರಿಗೆ ಮೊದಲೇ 'ಡಿಸ್‌ಅಲೋ' (ಪ್ರವೇಶವಿಲ್ಲ) ಇತ್ತು. ಆದರೂ ವಿಳಾಸಗಳು ಸಾಲಾಗಿ ಬರುತ್ತಿದ್ದವು, ಕೆಳಗೆ ವಿವರಣೆ ಮಾತ್ರ ಖಾಲಿ. ಡಿಸ್‌ಅಲೋ ತಡೆಯುವುದು ಬಾಟ್ ಒಳಗೆ ಬರುವುದನ್ನು. ಬೇರೆಲ್ಲೋ ಕೊಂಡಿ ಸಿಕ್ಕರೆ ಗೂಗಲ್ ವಿಳಾಸವನ್ನಷ್ಟೇ ಪಟ್ಟಿಗೆ ಸೇರಿಸಿಕೊಳ್ಳಬಹುದು. ಮೇಲಾಗಿ, ಒಳಗೇ ಬಾರದ ಬಾಟ್ 'ನೋಇಂಡೆಕ್ಸ್' (ಹುಡುಕಾಟದ ಪಟ್ಟಿಗೆ ಸೇರಿಸಬೇಡ ಎನ್ನುವ ಸೂಚನೆ) ಓದುವುದೆಲ್ಲಿಂದ? ಹಾಗಾಗಿ ಮೊದಲ ಕೆಲಸ ಡಿಸ್‌ಅಲೋ ತೆಗೆಯುವುದು. ಗೂಗಲ್ ರೋಬಾಟ್ಸ್ ಫೈಲಿನ ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆವರೆಗೆ ಇಟ್ಟುಕೊಳ್ಳುತ್ತದೆ, ಒಂದು ದಿನ ಸುಮ್ಮನಿರಿ. ನೋಇಂಡೆಕ್ಸನ್ನು ಆ ಫೈಲಿನಲ್ಲೇ ಬರೆಯಿರಿ ಎನ್ನುವ ಹಳೇ ಪಾಠಗಳು ಇನ್ನೂ ಓಡಾಡುತ್ತಿವೆ. ಗೂಗಲ್ ಅದನ್ನು 2019ರ ಸೆಪ್ಟೆಂಬರ್ 1ಕ್ಕೇ ಕೈಬಿಟ್ಟಿದೆ.

ವೆಬ್ ಪುಟದೊಳಗೆ ನೋಇಂಡೆಕ್ಸ್ ಬರೆಯುವ ಮೆಟಾ ಟ್ಯಾಗನ್ನು ಪಿಡಿಎಫ್‌ಗೆ ಹಾಕಲಾಗದು, ಉಳಿದದ್ದು 'ಎಕ್ಸ್-ರೋಬಾಟ್ಸ್-ಟ್ಯಾಗ್' ಹೆಡರ್, ಅಂದರೆ ಫೈಲಿನ ಜೊತೆಗೆ ಸರ್ವರ್ ಕಳಿಸುವ ಸೂಚನೆಯ ಸಾಲು. ಸೈಟನ್ನು ಓಡಿಸುವ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ನ ಸರ್ವರ್ ಬ್ಲಾಕಿನಲ್ಲಿ (ಇಡೀ ಸೈಟಿನ ಸೆಟ್ಟಿಂಗ್ ಭಾಗ), ಕರಡು ಫೋಲ್ಡರಿಗಷ್ಟೇ ತಾಗುವಂತೆ, ಅದನ್ನು ಬರೆದದ್ದಾಯಿತು. ಕರಡು ಫೋಲ್ಡರಿನ ಎಚ್‌ಟಿಎಂಎಲ್ ಪುಟಕ್ಕೆ ಬರುತ್ತಿದೆ, ಪಿಡಿಎಫ್‌ಗೆ ಇಲ್ಲ! ಹೋಸ್ಟಿಂಗ್ ಕಂಪನಿಯ ಸಹಾಯವಾಣಿಯನ್ನು ಕೇಳಿದರೆ 'ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಸಾರ್'. ಮೂರು ಟಿಕೆಟ್‌ಗೂ ಅದೇ ಮಂತ್ರ.

ಸರ್ವರ್ ಬ್ಲಾಕಿನೊಳಗೆ ಪಿಡಿಎಫ್‌ಗಳಿಗೆಂದೇ ಇದ್ದ ಲೊಕೇಶನ್ ಬ್ಲಾಕಿನಲ್ಲಿ ಕ್ಯಾಶ್ ಅವಧಿಗೆಂದು (ಬ್ರೌಸರ್ ಪ್ರತಿ ಇಟ್ಟುಕೊಳ್ಳುವ ಕಾಲ) ಹಾಕಿದ್ದ ಒಂದು 'ಆಡ್ ಹೆಡರ್' ಸಾಲೇ ಕಳ್ಳ. ಎಂಜಿನ್‌ಎಕ್ಸ್‌ನಲ್ಲಿ ಕೆಳಗಿನ ಬ್ಲಾಕಿಗೆ ಸ್ವಂತದ್ದು ಒಂದೇ ಒಂದು ಆಡ್ ಹೆಡರ್ ಇದ್ದರೂ ಮೇಲಿನವು ಯಾವುವೂ ಇಳಿದು ಬರುವುದಿಲ್ಲ. ಎರರ್ರೂ ಇಲ್ಲ, ಲಾಗಿನಲ್ಲಿ ಸುಳಿವೂ ಇಲ್ಲ. ಅದೇ ನೋಇಂಡೆಕ್ಸ್ ಸಾಲನ್ನು ಲೊಕೇಶನ್ ಬ್ಲಾಕಿನಲ್ಲೂ ಬರೆದು ರೀಲೋಡ್ ಮಾಡಿದರೆ ಮುಗಿಯಿತು. ಬ್ರೌಸರ್ ನಂಬಬೇಡಿ, ಕರ್ಲ್ ಎಂಬ ಕಮಾಂಡಿಗೆ ದೊಡ್ಡಕ್ಷರದ 'ಐ' (-I) ಕೊಟ್ಟು ಬರೀ ಹೆಡರ್ ನೋಡಿ.

ಪಿಡಿಎಫ್‌ಗಳ ಕಡೆಗೆ ಬಾಟ್ ಅಪರೂಪಕ್ಕೆ ಬರುವುದರಿಂದ, ಅದು ಬೇಗ ಬಂದು ಹೆಡರ್ ಓದಲೆಂದು ಅವುಗಳನ್ನೇ ತಾತ್ಕಾಲಿಕ ಸೈಟ್‌ಮ್ಯಾಪಿಗೆ ಸೇರಿಸಬೇಕಾಯಿತು. ಅಡಗಿಸಬೇಕಾದ್ದನ್ನು ಕೈತೋರಿಸಿ ಕರೆಯುವ ಕೆಲಸ! ಸರ್ಚ್ ಕನ್ಸೋಲಿನ 'ರಿಮೂವಲ್ಸ್' ಸೌಲಭ್ಯ ವಿಳಾಸಗಳನ್ನು ಬೇಗ ಮರೆಮಾಡುತ್ತದೆ, ಆದರೆ ಸುಮಾರು 6 ತಿಂಗಳಷ್ಟೇ. ಅಷ್ಟರಲ್ಲಿ ಹೆಡರ್ ಸರಿಯಿರಬೇಕು. ನಿಜವಾಗಿ ಗುಟ್ಟಿನದಾದರೆ ಇದ್ಯಾವುದೂ ಬೇಡ, ಪಾಸ್‌ವರ್ಡ್ ಹಾಕಿ.

ಮುಂದಿನ ಪ್ರಾಜೆಕ್ಟ್ ಇದರ ತಿರುಗುಮುರುಗು: ಹುಡುಕಾಟದಲ್ಲಿ ಸಿಗುವಂತೆ ಮಾಡುವುದು. ಪ್ರಕಟವಾದ ಸಂಚಿಕೆಗಳು ಹಳೇ ನುಡಿ ಫಾಂಟಿನವು, ಅಂದರೆ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವಂಥವು. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ 'ನ' ಇದ್ದಲ್ಲೆಲ್ಲ ಪೌಂಡ್ ಚಿಹ್ನೆ. ಗೂಗಲ್‌ಗೆ ಕಾಣುವುದೂ ಅದೇ. ಯೂನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ತಿರುಗಿಸುವಾಗ ಒತ್ತಕ್ಷರ, ಅರ್ಕಾವೊತ್ತು ಜಾಗ ತಪ್ಪುವುದು ಗ್ಯಾರಂಟಿ. ಮೊದಲು ಬರೀ 'ರ್ಕ', 'ರ್ಥ' ಇರುವ ಒಂದು ಪುಟ ಹಿಡಿದು ನೋಡಬೇಕು.