ಹದಿನಾರು ವರ್ಷಗಳ ನಂತರದ ಒಂದು ಶುಕ್ರವಾರ

2024ರ ನವೆಂಬರ್ 1 ಶುಕ್ರವಾರವಾಗಿತ್ತು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹಿಂದಿನ ದಿನವಷ್ಟೇ ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿದಿತ್ತು; ಬೆಳಗಾದರೆ ರಾಜ್ಯೋತ್ಸವದ ಧ್ವಜಾರೋಹಣ, ಸಂಜೆಗೆ ಅಂಗಡಿಗಳ ಲಕ್ಷ್ಮೀಪೂಜೆ. ಗುರುವಾರ ರಾತ್ರಿ ಹನ್ನೆರಡು ಹೊಡೆಯುವುದನ್ನು ಕಾಯುತ್ತ ನಾನು ಮಾಳಿಗೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದೆ. ಸ್ಟ್ರೀಮಿಂಗ್ ಸೇವೆಗಳಲ್ಲಿ ಹೊಸ ಆಲ್ಬಮ್‌ಗಳು ಆಯಾ ದೇಶದ ನಡುರಾತ್ರಿಗೆ ತೆರೆದುಕೊಳ್ಳುವುದರಿಂದ, ದಿ ಕ್ಯೂರ್ ಎಂಬ ರಾಕ್ ಬ್ಯಾಂಡಿನ ಸ್ವಂತ ನಾಡಾದ ಇಂಗ್ಲೆಂಡಿನಲ್ಲಿ ಇನ್ನೂ ಗುರುವಾರ ಸಂಜೆ ಆರೂವರೆಯಾಗಿದ್ದಾಗಲೇ ಹಾಡುಗಳು ನಮ್ಮ ಕಡೆ ಬಂದಿದ್ದವು. ಆ ಬ್ಯಾಂಡಿನ ಹೊಸ ಆಲ್ಬಮ್ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಅನ್ನು ನಾನು ಮೊದಲ ಸಲ ಕೇಳಿದ್ದು ಹೀಗೆ.

ಇದಕ್ಕೆ ಹಿಂದಿನ ಅವರ ಆಲ್ಬಮ್ ಬಂದದ್ದು 2008ರಲ್ಲಿ. ಹದಿನಾರು ವರ್ಷ ಸಣ್ಣ ಅವಧಿಯಲ್ಲ. ಆ ನಡುವೆ ಸಂಗೀತ ನಮ್ಮನ್ನು ತಲುಪುವ ದಾರಿಯೇ ಬದಲಾಗಿಹೋಗಿತ್ತು. ಬ್ರಿಟನ್ನಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಹೊಸ ಆಲ್ಬಮ್‌ಗಳು ಮಾರಾಟಕ್ಕೆ ಬರುತ್ತಿದ್ದ ಪದ್ಧತಿ ಹೋಗಿ, 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಶುಕ್ರವಾರವೇ ಬಿಡುಗಡೆಯ ದಿನವಾಯಿತು. ನಾನು ಕಾಲೇಜಿನಲ್ಲಿದ್ದಾಗ ಇದ್ಯಾವ ವಾರದ ಲೆಕ್ಕವೂ ನಮಗೆ ಸಂಬಂಧಿಸಿದ್ದಾಗಿರಲಿಲ್ಲ. ಹಾಸ್ಟೆಲಿನ ಗೆಳೆಯನೊಬ್ಬ ಬೆಂಗಳೂರಿನ ತನ್ನ ಸೋದರಮಾವನ ಮನೆಯಿಂದ ಹಾಡುಗಳನ್ನು ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬರುತ್ತಿದ್ದ. ಕ್ಯೂರ್ ಬ್ಯಾಂಡಿನ 1989ರ ಆಲ್ಬಮ್ ‘ಡಿಸ್‌ಇಂಟಿಗ್ರೇಷನ್’ ನನಗೆ ಸಿಕ್ಕಿದ್ದು ಅಂಥ ಕ್ಯಾಸೆಟ್ಟಿನಲ್ಲೇ, ಅದು ಹೊರಬಂದ ಎಷ್ಟೋ ವರ್ಷಗಳ ಮೇಲೆ. ಅಲ್ಲಿಯವರೆಗೆ ರಾಕ್ ಎಂದರೆ ಗದ್ದಲ ಮತ್ತು ವೇಗ ಎಂದು ತಿಳಿದಿದ್ದ ನನಗೆ, ಗಿಟಾರು ಮಳೆಯ ಹಾಗೆ ಗಂಟೆಗಟ್ಟಲೆ ಒಂದೇ ಸಮನೆ ಸುರಿಯಬಲ್ಲದು ಎಂದು ತಿಳಿದದ್ದು ಅದರಿಂದ. ಆ ಗೆಳೆಯ ಈಗ ಬೇರೆ ಊರಿನಲ್ಲಿದ್ದಾನೆ. ಗುರುವಾರದ ರಾತ್ರಿಗಳಲ್ಲಿ ನಾವಿಬ್ಬರೂ ಮೊಬೈಲಿನಲ್ಲಿ ಒಂದೆರಡು ಸಾಲು ಬರೆದುಕೊಂಡು, ಯಾವುದನ್ನು ಕೇಳುವುದೆಂದು ಗೊತ್ತುಮಾಡಿ, ಒಟ್ಟಿಗೇ ಶುರುಮಾಡುತ್ತೇವೆ.

ಆಲ್ಬಮ್ಮಿನ ಮೊದಲ ಹಾಡು ‘ಅಲೋನ್’ ಸುಮಾರು ಏಳು ನಿಮಿಷದ್ದು. ಅದರಲ್ಲಿ ಬ್ಯಾಂಡಿನ ಗಾಯಕ ರಾಬರ್ಟ್ ಸ್ಮಿತ್‌ನ ದನಿ ಕೇಳಿಸುವುದಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾಯಬೇಕು. ಧಾರವಾಡ ಸೀಮೆಯಲ್ಲಿ ಬೆಳೆದವರಿಗೆ ಕಾಯುವುದು ಹೊಸದಲ್ಲ; ನಮ್ಮ ಅಜ್ಜ ಆಕಾಶವಾಣಿಯಲ್ಲಿ ವಿಲಂಬಿತ ಖಯಾಲ್ ಕೇಳುತ್ತಿದ್ದಾಗ ಮಾತಾಡಿದವರನ್ನು ಕೈಸನ್ನೆಯಿಂದಲೇ ಸುಮ್ಮನಾಗಿಸುತ್ತಿದ್ದರು. ಆದರೆ ಇಲ್ಲಿಯ ಕಾಯುವಿಕೆ ಬೇರೆ ಜಾತಿಯದು ಎಂದು ನನಗೆ ಹೊಳೆದದ್ದು ಆ ವಾರದ ನಾಲ್ಕನೆಯದೋ ಐದನೆಯದೋ ಕೇಳ್ವೆಯಲ್ಲಿ. ಆಲಾಪವು ರಾಗವನ್ನು ಒಂದೊಂದೇ ಸ್ವರವಾಗಿ ಬಿಡಿಸುತ್ತ ಹೋಗುತ್ತದೆ, ಪ್ರತಿ ಹೆಜ್ಜೆಗೂ ಹೊಸ ಜಾಗ ಕಾಣುತ್ತದೆ. ‘ಅಲೋನ್’ ಹಾಡಿನ ಪೀಠಿಕೆ ನಿಂತ ಜಾಗವನ್ನು ಬಿಟ್ಟು ಕದಲುವುದೇ ಇಲ್ಲ. ಒಂದೇ ಸುತ್ತಿನ ಮೇಲೆ ಕೀಬೋರ್ಡು, ಅದರ ಮೇಲೆ ಸೈಮನ್ ಗ್ಯಾಲಪ್‌ನ ಭಾರವಾದ ಬಾಸ್, ಅದರ ಮೇಲೆ ಗಿಟಾರು ಎಂದು ಪದರ ಪದರವಾಗಿ ಹೇರುತ್ತ ಹೋಗಿ, ಇನ್ನು ಯಾವುದಕ್ಕೂ ಎಡೆಯಿಲ್ಲ ಎನ್ನುವಾಗ ದನಿಗೆ ದಾರಿ ಬಿಡುತ್ತದೆ. ಅರವತ್ತು ದಾಟಿದ್ದ ಮನುಷ್ಯನ ಆ ದನಿಯಲ್ಲಿ ನನ್ನ ಕ್ಯಾಸೆಟ್ಟಿನ ದನಿಯ ತೆಳುವು, ನಡುಕ ಎಲ್ಲವೂ ಹಾಗೆಯೇ ಉಳಿದಿದ್ದವು. ನನಗೆ ಗಂಟಲು ಕಟ್ಟಿತು.

ಎಂಟೇ ಹಾಡುಗಳಿರುವ ಈ ಆಲ್ಬಮ್ಮಿನ ಅಷ್ಟೂ ರಚನೆ ಸ್ಮಿತ್ ಒಬ್ಬನದೇ. ಹೀಗೆ ಅವನೊಬ್ಬನೇ ಪೂರ್ತಿ ಬರೆದದ್ದು 1985ರ ‘ದಿ ಹೆಡ್ ಆನ್ ದ ಡೋರ್’ ನಂತರ ಇದೇ ಮೊದಲು. ಆರನೆಯ ಹಾಡನ್ನು ತೀರಿಹೋದ ತನ್ನ ಅಣ್ಣನ ಕುರಿತು ಬರೆದಿದ್ದಾನೆ. ಗುಡುಗಿನ ಸದ್ದಿನಿಂದ ಆರಂಭವಾಗುವ ಆ ಹಾಡಿಗೆ ಆಧಾರ ಪಿಯಾನೋದ ಒಂದು ಸಣ್ಣ ಎಳೆ ಮಾತ್ರ. ಪಾಠಕ್ಕೆ ಹೋಗುವ ಮಗುವೂ ಕೆಲವು ದಿನಗಳಲ್ಲಿ ನುಡಿಸಿಬಿಡಬಹುದಾದಷ್ಟು ಸರಳವಾದ ಎಳೆ. ದೊಡ್ಡ ದುಃಖವನ್ನು ಹೊರಲು ಅಷ್ಟು ಸಣ್ಣದನ್ನು ಆರಿಸಿಕೊಂಡು, ಅದನ್ನು ಅಲಂಕರಿಸದೆ ಬಿಟ್ಟದ್ದು ನನಗೆ ಈ ಆಲ್ಬಮ್ಮಿನ ಅತ್ಯಂತ ಧೈರ್ಯದ ನಿರ್ಧಾರವಾಗಿ ಕಾಣುತ್ತದೆ. ಕೊನೆಯ ‘ಎಂಡ್‌ಸಾಂಗ್’ ಹತ್ತು ನಿಮಿಷ ಮೀರಿದ್ದು, ಅದರಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ವಾದ್ಯಗಳೇ. ಒಂದು ಮಾತನ್ನು ಪ್ರೀತಿಯಿಂದಲೇ ಹೇಳಬೇಕು: ‘ಡ್ರೋನ್:ನೋಡ್ರೋನ್’ ಹಾಡು ನನಗೆ ಈ ಸಾಲಿನಲ್ಲಿ ಒಗ್ಗಲಿಲ್ಲ, ಮತ್ತು ಇಡೀ ಆಲ್ಬಮ್ಮಿನ ಧ್ವನಿಮಿಶ್ರಣ ಎಷ್ಟು ದಟ್ಟವಾಗಿದೆಯೆಂದರೆ ವಾದ್ಯಗಳ ನಡುವೆ ಇನ್ನಷ್ಟು ಗಾಳಿಯಾಡಿದ್ದರೆ ಚೆನ್ನಿತ್ತು. ಈ ಹಾಡುಗಳಲ್ಲಿ ಹಲವನ್ನು 2022ರ ಸಂಚಾರದಿಂದಲೇ ಬ್ಯಾಂಡು ವೇದಿಕೆಯ ಮೇಲೆ ನುಡಿಸುತ್ತಿತ್ತು. ಯಾರೋ ಪ್ರೇಕ್ಷಕರು ಮೊಬೈಲಿನಲ್ಲಿ ಹಿಡಿದ ಒಡಕು ಧ್ವನಿಮುದ್ರಣಗಳನ್ನು ಎರಡು ವರ್ಷ ಕೇಳಿದ್ದ ನಮಗೆ, ಆ ಒಡಕಿನಲ್ಲಿಯೇ ಕೆಲವು ಗಿಟಾರು ಸ್ವರಗಳು ಹೆಚ್ಚು ಸ್ಪಷ್ಟವಾಗಿದ್ದವು ಎನ್ನಿಸಿದ್ದು ಸುಳ್ಳಲ್ಲ.

ಹೊಸ ಆಲ್ಬಮ್ಮನ್ನು ಮೊದಲ ದಿನವೇ ತೂಗಿ ನೋಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮೂರು ಶುಕ್ರವಾರ ಕಳೆಯುವವರೆಗೆ ಅಭಿಪ್ರಾಯ ಹೇಳಬಾರದೆಂದು ನಾನೂ ಗೆಳೆಯನೂ ಮಾಡಿಕೊಂಡ ಕಟ್ಟಳೆಗೆ ಕಾರಣ ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಬೆತ್ ಗಿಬನ್ಸ್‌ಳ ‘ಲೈವ್ಸ್ ಔಟ್‌ಗ್ರೋನ್’. ಪೋರ್ಟಿಸ್‌ಹೆಡ್ ಬ್ಯಾಂಡಿನ ಗಾಯಕಿಯಾದ ಆಕೆ ಹತ್ತು ವರ್ಷಗಳಷ್ಟು ಕಾಲ ಕೆಲಸ ಮಾಡಿ ಹೊರತಂದ ಮೊದಲ ಏಕವ್ಯಕ್ತಿ ಆಲ್ಬಮ್ ಅದು. ಮೊದಲ ಸಲ ಅದು ನನಗೆ ಮಂಕಾಗಿ ಕೇಳಿತು. ಹಾಡುಗಳೆಲ್ಲ ಒಂದೇ ಬೂದು ಬಣ್ಣದವು ಎನ್ನಿಸಿ ಪಕ್ಕಕ್ಕಿಟ್ಟೆ. ಎರಡು ವಾರದ ಮೇಲೆ ಮಳೆ ಬರುತ್ತಿದ್ದ ಒಂದು ಮಧ್ಯಾಹ್ನ ಮತ್ತೆ ಹಾಕಿದಾಗ ಕಿವಿ ತಾನಾಗಿ ತಾಳದ ಕಡೆ ಹೋಯಿತು. ಟಾಕ್ ಟಾಕ್ ಬ್ಯಾಂಡಿನಲ್ಲಿದ್ದ ಲೀ ಹ್ಯಾರಿಸ್ ಇಲ್ಲಿ ಮಾಮೂಲಿ ಡ್ರಮ್ಸ್ ಬಿಟ್ಟು, ಪರದೆ ಬಟ್ಟೆ ತುಂಬಿದ ಪೆಟ್ಟಿಗೆ, ಅಡುಗೆಯ ಪಾತ್ರೆ ಮುಂತಾದವುಗಳನ್ನು ಬಡಿದು ತಾಳ ಕಟ್ಟಿದ್ದಾನೆ. ಆ ಸದ್ದಿನಲ್ಲಿ ಲೋಹದ ಮಿಂಚಿಲ್ಲ, ಮನೆಯೊಳಗಿನ ಕೆಲಸದ ಸದ್ದಿನ ಆಪ್ತತೆ ಇದೆ. ವಯಸ್ಸಾಗುವುದು, ಮೈ ಬದಲಾಗುವುದು, ಜೊತೆಯವರು ಒಬ್ಬೊಬ್ಬರಾಗಿ ಹೋಗುವುದು — ಈ ವಸ್ತುಗಳಿಗೆ ಅದಕ್ಕಿಂತ ತಕ್ಕ ತಾಳ ಬೇರೆ ಇರಲಾರದು. ಕಿವಿಗೆ ಸಿಗದೆ ಉಳಿದ ಮೊದಲ ಕೇಳ್ವೆಯನ್ನು ನಂಬಿ ಕುಳಿತಿದ್ದರೆ ನಾನು ಆ ವರ್ಷದ ಒಂದು ದೊಡ್ಡ ಆಲ್ಬಮ್ಮನ್ನು ಕಳೆದುಕೊಳ್ಳುತ್ತಿದ್ದೆ.

ಅದರ ನಿರ್ಮಾಣದಲ್ಲಿ ಗಿಬನ್ಸ್ ಜೊತೆಗಿದ್ದವನು ಜೇಮ್ಸ್ ಫೋರ್ಡ್. ಅದೇ ವರ್ಷದ ಆಗಸ್ಟ್ 23ರಂದು ಬಂದ, ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ಬ್ಯಾಂಡಿನ ‘ರೊಮ್ಯಾನ್ಸ್’ ಕೂಡ ಅವನ ಕೈಯಿಂದಲೇ ಬಂದದ್ದೆಂದು ತಿಳಿದು ಎರಡನ್ನೂ ಬೆನ್ನುಬೆನ್ನಿಗೆ ಕೇಳಿದೆ. ಒಂದು ಪಿಸುಮಾತಿನದು, ಇನ್ನೊಂದು ಬೀದಿಯದು. ‘ಸ್ಟಾರ್‌ಬರ್ಸ್ಟರ್’ ಎಂಬ ಹಾಡಿನಲ್ಲಿ ಬ್ಯಾಂಡಿನ ಗಾಯಕ ಗ್ರಿಯಾನ್ ಚಾಟನ್ ಸಾಲು ಸಾಲಿನ ನಡುವೆ ಉಸಿರನ್ನು ಗಕ್ಕನೆ ಒಳಗೆಳೆದುಕೊಳ್ಳುತ್ತಾನೆ; ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ತನಗಾದ ದಿಗಿಲಿನ ಆಘಾತದಿಂದ ಹುಟ್ಟಿದ ಹಾಡು ಅದು. ಆ ಉಸಿರೇ ಹಾಡಿನ ಪಲ್ಲವಿಯಾಗಿ ನಿಲ್ಲುತ್ತದೆ. ಈ ಹುಡುಗರ ಮೇಲೆ ನನಗೆ ವಿಶೇಷ ಅಕ್ಕರೆ ಹುಟ್ಟಿದ್ದು ಮಾತ್ರ ಇದಕ್ಕೂ ಮುಂಚೆ, 2022ರ ‘ಸ್ಕಿಂಟಿ ಫಿಯಾ’ ಆಲ್ಬಮ್ಮಿನ ಮೊದಲ ಹಾಡಿನಿಂದ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತೀರಿಕೊಂಡ ಐರಿಷ್ ಮೂಲದ ತಾಯಿಯೊಬ್ಬರ ಸಮಾಧಿಕಲ್ಲಿನ ಮೇಲೆ ಐರಿಷ್ ಭಾಷೆಯ ಒಂದು ಸಾಲನ್ನು ಇಂಗ್ಲಿಷ್ ಅನುವಾದವಿಲ್ಲದೆ ಕೆತ್ತಿಸಲು ಚರ್ಚಿನ ನ್ಯಾಯಾಲಯ 2020ರಲ್ಲಿ ಒಪ್ಪಲಿಲ್ಲ; ಮನೆಯವರು ಮೇಲ್ಮನವಿ ಹೋಗಿ 2021ರಲ್ಲಿ ಗೆದ್ದರು. ‘ನಮ್ಮ ಹೃದಯಗಳಲ್ಲಿ ಎಂದೆಂದಿಗೂ’ ಎಂಬರ್ಥದ ಆ ಸಾಲನ್ನೇ ಬ್ಯಾಂಡು ತನ್ನ ಹಾಡಿನ ಹೆಸರಾಗಿಸಿಕೊಂಡು, ಮಂತ್ರದಂತೆ ಮತ್ತೆ ಮತ್ತೆ ಹಾಡುತ್ತದೆ. ತಾಯಿನುಡಿಗೆ ಕಲ್ಲಿನ ಮೇಲೆ ಜಾಗ ಕೇಳಬೇಕಾಗಿ ಬಂದವರ ಸಂಕಟ ಕನ್ನಡಿಗನಾದ ನನಗೆ ಅನುವಾದವಿಲ್ಲದೆಯೇ ತಿಳಿಯಿತು.

ಹುಡುಕಿಕೊಂಡು ಹೋಗಬೇಕಾದ ಸಂಗೀತ ಈಗಲೂ ಇದೆ ಎಂಬುದಕ್ಕೆ 2024ರಲ್ಲಿಯೇ ಇನ್ನೊಂದು ನಿದರ್ಶನ ಸಿಕ್ಕಿತು. ಸಿಂಡಿ ಲೀ ಹೆಸರಿನಲ್ಲಿ ಹಾಡುವ ಕೆನಡಾದ ಪ್ಯಾಟ್ರಿಕ್ ಫ್ಲೀಗಲ್ ಮಾರ್ಚ್ ತಿಂಗಳಲ್ಲಿ ‘ಡೈಮಂಡ್ ಜುಬಿಲಿ’ ಎಂಬ, 32 ಹಾಡುಗಳ, ಎರಡು ಗಂಟೆ ಮೀರಿದ ಆಲ್ಬಮ್ಮನ್ನು ಯಾವ ಸ್ಟ್ರೀಮಿಂಗ್ ಸೇವೆಗೂ ಕೊಡದೆ, ಯೂಟ್ಯೂಬಿನಲ್ಲಿ ಒಂದೇ ಅಖಂಡ ಕಡತವಾಗಿಯೂ ಹಳೆಯ ಕಾಲದ ಸರಳ ಜಾಲಪುಟವೊಂದರಲ್ಲಿ ಇಳಿಸಿಕೊಳ್ಳಲೂ ಇಟ್ಟರು. ಯೂಟ್ಯೂಬಿನ ಆ ಕಡತದಲ್ಲಿ ಹಾಡಿನಿಂದ ಹಾಡಿಗೆ ಸುಲಭವಾಗಿ ಜಿಗಿಯಲು ಬರುತ್ತಿರಲಿಲ್ಲ. ಕ್ಯಾಸೆಟ್ಟಿನಂತೆ ಮೊದಲಿಂದ ಕೊನೆಯವರೆಗೆ ಕೂರಬೇಕಿತ್ತು. ಅರವತ್ತರ ದಶಕದ ಹುಡುಗಿಯರ ಗುಂಪುಗಾಯನ ದೂರದ ಯಾವುದೋ ರೇಡಿಯೋದಿಂದ ತೇಲಿಬಂದಂತಿರುವ ಆ ಹಾಡುಗಳನ್ನು ನಾನು ಹಾಗೆಯೇ ಕೂತು ಕೇಳಿದೆ, ಮತ್ತು ಹಾಗೆ ಕೂರಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ.

ಕ್ಯೂರ್ ಬ್ಯಾಂಡಿನ ಹಿಂದಿನ ಆಲ್ಬಮ್ ಬಂದ 2008ರಲ್ಲಿಯೇ ನಮ್ಮಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಮ್ ಬಂದಿತ್ತು ಎಂಬುದು ಆ ದೀಪಾವಳಿಯ ರಾತ್ರಿ ನೆನಪಾಯಿತು. ಹುಬ್ಬಳ್ಳಿಗೆ ದೂರವೇನೂ ಅಲ್ಲದ ಶಿಶುನಾಳದ ಶರೀಫ ಸಾಹೇಬರ ‘ಗುಡುಗುಡಿಯ ಸೇದಿ ನೋಡೋ’ ಅದರಲ್ಲಿ ಗಿಟಾರಿನ ಜೊತೆ ಕೇಳಿದಾಗ, ಭಜನೆಯ ಮನೆಗಳಲ್ಲಿ ದಮ್ಮಡಿಯೊಡನೆ ಕೇಳಿ ಬೆಳೆದ ಪದಕ್ಕೆ ಇಷ್ಟು ಬಲವಾದ ಬೇರೆ ಮೈಯೂ ಒಪ್ಪುತ್ತದೆ ಎಂದು ಬೆರಗಾಗಿದ್ದೆ. ಇಂದು ಕನ್ನಡದಲ್ಲಿ ಸ್ವತಂತ್ರವಾಗಿ ಹಾಡು ಕಟ್ಟುವ ಹುಡುಗ ಹುಡುಗಿಯರು ಬಿಡುವ ಹಾಡುಗಳನ್ನು ಶುಕ್ರವಾರದ ಪಟ್ಟಿಯಲ್ಲಿ ನಾನು ಮೊದಲು ಹುಡುಕುತ್ತೇನೆ. ಬಿಡಿ ಹಾಡುಗಳು ಒಂದೊಂದಾಗಿ ಬರುತ್ತವೆ, ಒಳ್ಳೆಯವೂ ಇರುತ್ತವೆ; ಆದರೆ ಎಂಟು ಹಾಡುಗಳನ್ನು ಒಂದೇ ಉಸಿರಿಗೆ ಪೋಣಿಸಿ, ಇಂತಿಷ್ಟು ಹೊತ್ತು ನನ್ನೊಡನೆ ಕೂರು ಎಂದು ಕೇಳುಗನನ್ನು ಕರೆಯುವ ಕನ್ನಡ ಆಲ್ಬಮ್ಮಿಗಾಗಿ ನನ್ನ ಹಸಿವು ತೀರಿಲ್ಲ.

ಬಿಡುಗಡೆಯ ದಿನವೇ ಕ್ಯೂರ್ ಬ್ಯಾಂಡು ಲಂಡನ್ನಿನ ಟ್ರಾಕ್ಸಿ ರಂಗಮಂದಿರದಲ್ಲಿ ಕಚೇರಿ ನಡೆಸಿ, ಅದನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ನೇರ ಪ್ರಸಾರ ಮಾಡಿತು. ನಮಗದು ನಡುರಾತ್ರಿ ಕಳೆದ ಮೇಲಿನ ಹೊತ್ತು. ಸುಮಾರು ಮೂರು ಗಂಟೆಯ ಕಾಲ 31 ಹಾಡು ನುಡಿಸಿದರು, ಅದರಲ್ಲಿ ಮೊದಲ ಎಂಟು ಹೊಸ ಆಲ್ಬಮ್ಮಿನವು, ಅದೇ ಕ್ರಮದಲ್ಲಿ. ಓಣಿಯ ಪಟಾಕಿಗಳು ಒಂದೊಂದಾಗಿ ನಿಂತು, ಕೊನೆಗೆ ಮದ್ದಿನ ವಾಸನೆ ಮಾತ್ರ ಕಿಟಕಿಯಲ್ಲಿ ಉಳಿದಿತ್ತು. ‘ಎಂಡ್‌ಸಾಂಗ್’ ಶುರುವಾಗುವವರೆಗೆ ಗೆಳೆಯ ಹಾಡಿಗೊಂದು ಸಾಲು ಬರೆಯುತ್ತಲೇ ಇದ್ದ. ಅದರ ಆರು ನಿಮಿಷದ ಪೀಠಿಕೆಯುದ್ದಕ್ಕೂ ಅವನಿಂದ ಏನೂ ಬರಲಿಲ್ಲ, ನಾನೂ ಏನೂ ಬರೆಯಲಿಲ್ಲ. ಹಳೆಯ ಹಾಡುಗಳೂ ಮುಗಿದು ವೇದಿಕೆಯ ದೀಪ ಆರುವ ಹೊತ್ತಿಗೆ, ಪಾಡ್ಯದ ಎಣ್ಣೆಸ್ನಾನಕ್ಕೆಂದು ಕೆಳಗೆ ಅವ್ವ ಹಂಡೆಯ ಒಲೆಗೆ ಉರಿ ಹಾಕುತ್ತಿದ್ದಳು.