ಜಾಮ್ ಆದ ಗಾಲಿ, ನಾನೇ ಹೊಡೆದ ಟಿಕ್ಕು

ವಿಜಯಪುರದಲ್ಲಿ ಒಂಬತ್ತು ವರ್ಷ ಮಿಸ್ತ್ರಿಕಿ ಮಾಡಿ ಬೆಳಗಾವಿಗೆ ಬಂದವನು ನಾನು. ಅಲ್ಲಿ ನಟ್ ಬಿಚ್ಚಿದರೆ ಗಾಲಿ ತಾನಾಗಿ ಕೈಗೆ ಬರುತ್ತಿತ್ತು. ಧೂಳು ಕುಡಿದು ಏರ್ ಫಿಲ್ಟರ್ ಸಾಯುತ್ತಿದ್ದವೇ ಹೊರತು, ಹಬ್ಬಿಗೆ, ಅಂದರೆ ಗಾಲಿ ಕೂರುವ ಕಬ್ಬಿಣದ ನಡುಭಾಗಕ್ಕೆ, ಜಂಗು ಹಿಡಿದು ಗಾಲಿ ಅಂಟಿಕೊಂಡದ್ದನ್ನು ನೋಡಿದ್ದು ಅಪರೂಪ. ಹಾಗಾಗಿ ಇಲ್ಲಿ ಹಳೆಯ ಮಿಸ್ತ್ರಿಗಳು ಮಳೆಗಾಲಕ್ಕೆ ಮುಂಚೆ ಹಬ್ ಉಜ್ಜುತ್ತ ಕೂತಾಗ ನಗು ಬರುತ್ತಿತ್ತು. ಕೆಲಸ ಇಲ್ಲದವರು ಅಂದುಕೊಂಡಿದ್ದೆ.

ಜುಲೈ ತಿಂಗಳು, ಶನಿವಾರ ಸಂಜೆ. ಬ್ರೇಕ್‌ಡೌನ್ ಕಾಲ್ ಬಂತು. ಗೋವಾದಿಂದ ಬರುತ್ತಿದ್ದ ಕಾರು, ಘಟ್ಟದ ಕಣಕುಂಬಿ ಹತ್ತಿರ ಎಡಗಡೆ ಮುಂದಿನ ಟೈರ್ ಪಂಚರ್. ನಮ್ಮದೇ ಗಿರಾಕಿ. ಗೋವಾದಲ್ಲಿ ನೌಕರಿ, ತಿಂಗಳಿಗೆರಡು ಸಲ ಊರಿಗೆ ಬರುತ್ತಾರೆ. ಪಂಚರ್ ತಾನೇ, ಸ್ಟೆಪ್ನಿ ಹಾಕಿ ಕಳಿಸಿದರಾಯಿತು ಅಂತ ಹೊಸ ಹುಡುಗನನ್ನು ವ್ಯಾನಿನಲ್ಲಿ ಹತ್ತಿಸಿಕೊಂಡು ಹೊರಟೆ. ಜಾಂಬೋಟಿ ದಾಟುತ್ತಿದ್ದಂತೆ ಮಳೆ ಹೇಗಿತ್ತೆಂದರೆ ವೈಪರ್ ಇದ್ದೂ ಇಲ್ಲದ ಲೆಕ್ಕ. ಫೋನಿನ ರೇಂಜೂ ಹೋಯಿತು.

ಹೋಗಿ ನೋಡಿದರೆ ಸಾಹೇಬರು ತಾವೇ ಜ್ಯಾಕ್ ಹಚ್ಚಿ, ನಾಲ್ಕೂ ನಟ್ ಬಿಚ್ಚಿ ಕೂತಿದ್ದಾರೆ. ಒಳಗೆ ಅವರ ತಾಯಿ, ತೊಡೆ ಮೇಲೆ ಮಲಗಿದ ಕೂಸು.

"ಗಾಲಿ ಬರವಲ್ದರಿ. ಅರ್ಧಾ ತಾಸ ಆತು ಜಗ್ಗಾಕತ್ತು."

"ನೀವ್ ಸರೀರಿ ಸರ, ನಾ ನೋಡ್ತೀನಿ," ಅಂದೆ. ಆ ಧಾಟಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಜಗ್ಗಿದೆ. ಒದ್ದೆ. ಗಾಲಿ ಮಿಸುಕಲಿಲ್ಲ. ಹುಡುಗನಿಗೆ ಜಂಗು ಬಿಡಿಸುವ ಸ್ಪ್ರೇ ಕೊಟ್ಟು, ಒಳಗಿನಿಂದ ಹಬ್ಬಿನ ಕಡೆ ಹೊಡಿ ಅಂದೆ. ಅವನು ಮೊಣಕಾಲೂರಿ, ಒಂದು ಕೈಲಿ ಟಾರ್ಚ್ ಹಿಡಿದು, ಇನ್ನೊಂದು ಕೈಯನ್ನು ಭುಜದವರೆಗೂ ಟೈರಿನ ಮೇಲಿಂದ ಒಳಗೆ ತೂರಿಸಿದ. ಅಷ್ಟರಲ್ಲಿ ಸಾಹೇಬರಿಗೆ ನಾನು ಭಾಷಣ ಶುರು ಮಾಡಿದ್ದೆ: "ಹೊರಗ ಯಾರೋ ಪಂಚರ್ ಅಂಗಡ್ಯಾಂವ ಫಿಟ್ ಮಾಡ್ಯಾನ ನೋಡ್ರಿ ಇದನ್ನ. ಕೈಗೆ ಸಿಕ್ಕಂಗ ಮಾಡ್ತಾರ."

"ಹೊರಗ ಎಲ್ಲೂ ಬಿಟ್ಟಿಲ್ಲಲ್ರಿ. ಹೊಸಾದ್ ತಗೊಂಡಾಗಿಂದ ನಿಮ್ಮಲ್ಲೇ."

ನಾನು ಮಾತಾಡದೆ ಇನ್ನೂ ಜೋರಾಗಿ ಒದೆಯಲು ಸಿದ್ಧನಾದೆ.

ಆ ಎರಡು ನಿಮಿಷವನ್ನು ನಾನು ಎಷ್ಟು ಸಲ ತಿರುಗಿ ನೋಡಿದ್ದೇನೋ. ಕಾರು ನಿಂತದ್ದು ಅರ್ಧ ಡಾಂಬರು, ಅರ್ಧ ರಾಡಿ. ಜ್ಯಾಕು ಕಾರಿನ ಜೊತೆಗೇ ಬಂದ ಕತ್ತರಿ ಜ್ಯಾಕು, ಅದರ ಬುಡ ರಾಡಿಯಲ್ಲಿ. ವ್ಯಾನಿನಲ್ಲಿ ನಮ್ಮ ಗಟ್ಟಿ ಜ್ಯಾಕು ಇತ್ತು, ಹಲಗೆಯೂ ಇತ್ತು. ಇಳಿಸಲಿಲ್ಲ, ಯಾಕೆಂದರೆ ಮಳೆ. ಹಿಂದಿನ ಗಾಲಿಗೆ ಒಂದು ಕಲ್ಲು ಕೂಡ ಇಟ್ಟಿರಲಿಲ್ಲ.

ಹುಡುಗ "ಯವ್ವಾ" ಅಂದು ಕೈ ಹೊರಗೆಳೆದ. ಕಾಲಿಗೆ ಜಿಗಣೆ ಹತ್ತಿತ್ತು. ಅವನು ಬಗ್ಗಿ ಅದನ್ನು ಕೀಳುತ್ತಿದ್ದಾಗ ನಾನು ಟೈರಿಗೆ ಹಿಮ್ಮಡಿಯಿಂದ ಒಂದು ಒದೆ ಕೊಟ್ಟೆ. ಜ್ಯಾಕು ಹೊರಳಿತು. ಕಾರು ದಬ್ಬೆಂದು ಕೂತಿತು. ಒಳಗೆ ಕೂಸು ಕಿರುಚಿತು.

ಕಾರು ಕೂತದ್ದು ಬ್ರೇಕ್ ಡಿಸ್ಕ್ ಮೇಲಲ್ಲ, ಟೈರಿನ ಮೇಲೆ. ಒಂದೂ ನಟ್ ಇಲ್ಲದ ಗಾಲಿ, ಅಷ್ಟು ಭಾರ ಬಿದ್ದರೂ ಹಬ್ ಬಿಟ್ಟಿರಲಿಲ್ಲ. ಬೈಯುತ್ತಿದ್ದ ಜಂಗೇ ಕಾರನ್ನು ಎತ್ತಿ ಹಿಡಿದಿತ್ತು. ಆದರೆ ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಈಗ ಮೂರು ಬೆರಳು ಜಾಗ. ಅರೆಗಳಿಗೆ ಮೊದಲು ಹುಡುಗನ ತೋಳು ಇದ್ದದ್ದು ಅಲ್ಲೇ. ಅವನು ಜಿಗಣೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಆ ಸಂದನ್ನು ನೋಡುತ್ತ ನಿಂತ. ನಾನು ಮುಖ ತಿರುಗಿಸಿ ಸುಮ್ಮನೆ ನಟ್ ಎಣಿಸಿದೆ. ನಾಲ್ಕೇ ನಟ್, ಎರಡು ಸಲ ಎಣಿಸಿದೆ.

ಬೆಳಗಾವಿಯಿಂದ ಗೋವಾಕ್ಕೆ ಕಾಯಿಪಲ್ಲೆ ಒಯ್ಯುವ ಟೆಂಪೋ ಒಂದು ಹಿಂದೆ ನಿಂತಿತು. ಡ್ರೈವರ್ ತಲೆ ಮೇಲೆ ಗೋಣಿಚೀಲ ಹೊದ್ದು ಇಳಿದು ಬಂದ. ಒಂದು ಸುತ್ತು ನೋಡಿದ.

"ಏ ಭಾವು, ನಟ್ ಎಲ್ಲಾ ಯಾಕ್ ತಗದಿ? ಮತ್ತ ಸ್ಟೆಪ್ನಿ ಗಾಡಿ ಬುಡಕ್ಕ ಹಾಕೂದ್ ಬಿಟ್ಟು ಅದರ ಮ್ಯಾಲ ಚಾದ ಗ್ಲಾಸ್ ಇಟ್ಟೀರಲ್ಲ!"

ಅವನು ಹೇಳಿದಂತೆ ಮಾಡಿದೆವು. ನಾಲ್ಕೂ ನಟ್ ವಾಪಸ್ ಹಾಕಿ, ಕೈಯಿಂದ ಬಿಗಿ ಮಾಡಿ, ಎರಡೆರಡು ಸುತ್ತು ಸಡಿಲ ಬಿಟ್ಟೆ. ಬ್ಯಾಟರಿ ಪಂಪಿನಿಂದ ಪಂಚರ್ ಟೈರಿಗೇ ಒಂದಿಷ್ಟು ಹವಾ. ಅಜ್ಜಿ, ಕೂಸು, ಎಲ್ಲರೂ ಇಳಿದು ದೂರ. ನಾನು ಒಳಗೆ ಕೂತು ನಾಲ್ಕು ಫೂಟು ಮುಂದೆ, ಬ್ರೇಕು. ನಾಲ್ಕು ಫೂಟು ಹಿಂದೆ, ಬ್ರೇಕು. ಮೂರನೇ ಸಲಕ್ಕೆ ತೆಂಗಿನಕಾಯಿ ಒಡೆದಂಥ ಸಪ್ಪಳ. ಗಾಲಿ ಬಿಟ್ಟಿತ್ತು. ಕಾರಿನ ಭಾರವೇ ಹತೋಡಿ, ಬಿಟ್ಟ ಗಾಲಿಯನ್ನು ಹಿಡಿದುಕೊಳ್ಳಲು ನಟ್ಟುಗಳು. ಇಷ್ಟೇ ವಿದ್ಯೆ. ಹತ್ತು ವರ್ಷದ ಮಿಸ್ತ್ರಿಗೆ ಗೊತ್ತಿರಲಿಲ್ಲ, ಟೊಮೆಟೊ ಹೊತ್ತವನಿಗೆ ಗೊತ್ತಿತ್ತು. ಆಮೇಲೆ ಡಾಂಬರಿನ ಮೇಲೆ ಹಲಗೆ, ಗಟ್ಟಿ ಜ್ಯಾಕು, ಹಿಂದೆ ಕಲ್ಲು, ಕಾರಿನ ಬುಡಕ್ಕೆ ಸ್ಟೆಪ್ನಿ, ಎಲ್ಲ ಶಾಸ್ತ್ರ ಮಾಡಿದೆ. ಮದುವೆ ಮುಗಿದ ಮೇಲೆ ಮಂಟಪ ಕಟ್ಟಿದಂಗ.

ಸೋಮವಾರ ಕಾರು ನಮ್ಮ ಸರ್ವೀಸ್ ಬೇ, ಅಂದರೆ ರಿಪೇರಿ ಜಾಗಕ್ಕೆ ಬಂತು. ಹಳೆಯ ಜಾಬ್ ಕಾರ್ಡ್ ತೆಗೆಸಿದೆ. ಇಪ್ಪತ್ತು ಸಾವಿರ ಕಿಲೋಮೀಟರಿನ ಸರ್ವೀಸು, 'ವೀಲ್ ರೊಟೇಶನ್' (ಗಾಲಿ ಬಿಚ್ಚಿ ಜಾಗ ಬದಲಿಸುವುದು) ಅಂತಿದ್ದ ಕಡೆ ಟಿಕ್ಕು, ಕೆಳಗೆ ಸಹಿ. ಸಹಿ ನನ್ನದು. ತಿಂಗಳ ಕೊನೆಯ ದಿನ ಅದು, ಟಾರ್ಗೆಟ್ ಮುಟ್ಟಬೇಕಂತ ಹದಿನಾಲ್ಕು ಗಾಡಿ ಒಳಗೆ ತೆಗೆದುಕೊಂಡಿದ್ದರು. ಆಯಿಲ್ ಬದಲಿಸಿ, ತೊಳೆದು ಕಳಿಸಿದ್ದೆ. ಗಾಲಿ ಮುಟ್ಟಿರಲಿಲ್ಲ. ಶೋರೂಮಿನಿಂದ ಇಳಿದ ಮೇಲೆ ಆ ಗಾಲಿ ಹಬ್ಬನ್ನು ಬಿಟ್ಟದ್ದು ಕಣಕುಂಬಿಯಲ್ಲೇ ಮೊದಲು.

ಬಿಚ್ಚಿ ನೋಡಿದರೆ ಹಬ್ಬಿನ ನಡುವಿನ ಉಬ್ಬಿನ ಸುತ್ತ ಎರಡು ಬಣ್ಣ. ಕಬ್ಬಿಣದ ಕಡೆ ಸುಟ್ಟ ರೊಟ್ಟಿಯ ಹೊಪ್ಪಳೆಯಂಥ ಕೆಂಪು ಜಂಗು, ಅಲಾಯ್, ಅಂದರೆ ಅಲ್ಯೂಮಿನಿಯಂ ಗಾಲಿಯ ಕಡೆ ಸುಣ್ಣದ ಪುಡಿಯಂಥ ಬಿಳಿ. ಕಬ್ಬಿಣ, ಅಲ್ಯೂಮಿನಿಯಂ ಎರಡೂ ಮೈಗೆ ಮೈ ತಾಗಿ ನಡುವೆ ಉಪ್ಪುನೀರು ನಿಂತರೆ ಸಣ್ಣ ಬ್ಯಾಟರಿ ಆದ ಹಾಗೆ. ಅಲ್ಯೂಮಿನಿಯಂ ಕರಗುತ್ತ ಬಿಳಿ ಪುಡಿ ಬಿಡುತ್ತದೆ. ಜಂಗಾಗಲಿ ಈ ಪುಡಿಯಾಗಲಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತವೆ. ಹಬ್ಬಿಗೂ ಗಾಲಿಯ ತೂತಿಗೂ ನಡುವೆ ಇರುವುದು ಕೂದಲೆಳೆಯ ಸಂದು. ಅದು ತುಂಬಿದರೆ ಬೆಣೆ ಬಡಿದಂಗ. ಸಮುದ್ರದ ದಂಡೆಗೆ ನಿಲ್ಲುವ ಕಾರು, ಮೇಲೆ ಘಟ್ಟದ ಮಳೆ. ಇನ್ನೇನು ಬೇಕು.

ಈಗ ನಾನು ಮಾಡುವುದು ಹೀಗೆ. ಹಬ್ಬನ್ನು ತಂತಿ ಬ್ರಷ್‌ನಿಂದ ಮೆರುಗು ಬರೋತನಕ ತಿಕ್ಕುತ್ತೇನೆ, ಗಾಲಿ ಕೂರುವ ಚಪ್ಪಟೆ ಮುಖವನ್ನೂ ಬಿಡದೆ. ಅಲ್ಲಿ ಹೊಪ್ಪಳೆ ಉಳಿದರೆ ಗಾಲಿ ಸಪಾಟು ಕೂರುವುದಿಲ್ಲ, ಅದು ಉದುರಿದ ಮೇಲೆ ನಟ್ ಸಡಿಲಾಗುತ್ತದೆ. ಅಲಾಯ್ ತೂತಿಗೆ ಉಕ್ಕಿನ ಬ್ರಷ್ ಬೇಡ, ಗೀರು ಬೀಳುತ್ತದೆ. ಹಿತ್ತಾಳೆಯದೋ ನೈಲಾನಿನದೋ ಸಾಕು. ಆಮೇಲೆ ನಡುವಿನ ಉಬ್ಬಿಗೆ ಮಾತ್ರ ಆ್ಯಂಟಿ ಸೀಜ್ (ಲೋಹ ಅಂಟದಂತೆ ತಡೆಯುವ ಪೇಸ್ಟು), ಕಣ್ಣಿಗೆ ಕಾಡಿಗೆ ಹಚ್ಚಿದಷ್ಟು ತೆಳ್ಳಗೆ. ಕಾಪರ್ ಒಳ್ಳೇದೋ ಸೆರಾಮಿಕ್ ಒಳ್ಳೇದೋ ಅಂತ ನಮ್ಮಲ್ಲಿ ಚಹಾದ ಹೊತ್ತಿಗೆ ದಿನಾ ಜಗಳ. ತಾಮ್ರವೂ ಇನ್ನೊಂದು ಲೋಹವೇ ಅನ್ನುವ ಕಾರಣಕ್ಕೆ ನಾನು ಅಲಾಯಿಗೆ ಸೆರಾಮಿಕ್ ಪಾರ್ಟಿ. ಬೇರಿಂಗ್ ಗ್ರೀಸ್ ಹಚ್ಚುವವರನ್ನು ಮಾತ್ರ ಬಡಿಯಬೇಕು. ಬ್ರೇಕಿನ ಕಾವಿಗೆ ಕರಗಿ ಡಿಸ್ಕಿಗೆ ಇಳಿದರೆ ಗಾಡಿ ನಿಲ್ಲುವುದಿಲ್ಲ.

ನಮ್ಮ ಹುಡುಗ ಮೊದಲ ದಿನ ಉತ್ಸಾಹದಲ್ಲಿ ಸ್ಟಡ್ಡಿಗೂ, ಅಂದರೆ ನಟ್ ಕೂರುವ ಬೋಲ್ಟಿಗೂ, ಬಳಿದಿದ್ದ. ಒರೆಸಿಸಿದೆ. ಕಂಪನಿ ಕೊಡುವ ಟಾರ್ಕ್, ಅಂದರೆ ನಟ್ ಬಿಗಿಸುವ ಬಲದ ಲೆಕ್ಕ, ಸ್ಟಡ್ಡಿನ ಒಣ ಎಳೆಗೆ. ಜಿಡ್ಡು ಇದ್ದರೆ ಅದೇ ನೂರು ನ್ಯೂಟನ್ ಮೀಟರಿಗೆ ಸ್ಟಡ್ಡು ಬಹಳ ಹೆಚ್ಚು ಎಳೆಸಿಕೊಳ್ಳುತ್ತದೆ, ಮುಂದೊಂದು ದಿನ ಮುರಿಯುತ್ತದೆ. ನಟ್ಟಿನ ಇಳಿಜಾರು ಮುಖವೂ ಒಣಗೇ ಇರಬೇಕು.

ಅಳತೆಯಷ್ಟೇ ಬಿಗಿಸುವ ಟಾರ್ಕ್ ಪಾನಾ ನಮ್ಮಲ್ಲಿದೆ. ಮ್ಯಾನೇಜರ್ ಕಪಾಟಿನಲ್ಲಿ. ಆಡಿಟ್ ದಿನ ಹೊರಬರುತ್ತದೆ, ವರ್ಷಕ್ಕೊಮ್ಮೆ ಗಣಪತಿ ಬಂದಂಗ, ಸಂಜೆಗೆ ಒಳಗೆ ವಿಸರ್ಜನೆ. ಉಳಿದ ದಿನ ನಟ್ ಬಿಗಿಸುವ ಗನ್ನಿನಿಂದ ಅಳತೆಯಿಲ್ಲದೆ 'ಟರ್ರ್' ಅನ್ನಿಸಿ ಬಿಡುವುದು. ಗಿರಾಕಿ ದಾರಿಯಲ್ಲಿ ಪಾನಾದ ಮೇಲೆ ನಿಂತು ಕುಣಿದರೂ ನಟ್ ಬಿಚ್ಚದಿರುವುದು ಇದಕ್ಕೇ. ಕೇಳಿ ಕೇಳಿ ಸಾಕಾಗಿ ನಾನೊಂದು ಸೆಕೆಂಡ್‌ಹ್ಯಾಂಡ್ ಕೊಂಡೆ. ಐವತ್ತು ನೂರು ಕಿಲೋಮೀಟರ್ ಓಡಿಸಿ ಮತ್ತೆ ಬರ್ರಿ, ನಟ್ ನೋಡೋಣ ಅಂತ ಗಿರಾಕಿಗಳಿಗೆ ಹೇಳುತ್ತೇನೆ. ಹತ್ತರಲ್ಲಿ ಇಬ್ಬರು ಬರುತ್ತಾರೆ. ಗೋವಾ ಗಾಡಿಗಳಿಗೆ ಹತ್ತು ಸಾವಿರ ಕಿಲೋಮೀಟರ್ ಕಾಯುವುದಿಲ್ಲ; ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನಾಲ್ಕೂ ಗಾಲಿ ಬಿಚ್ಚಲೇಬೇಕು.

ಟಿಕ್ಕಿನ ವಿಷಯ ಸಾಹೇಬರಿಗೆ ನಾನೇ ಹೇಳಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. "ಹುಡುಗನ ಕೈ ಹೆಂಗೈತ್ರಿ?" ಅಂದರು. ಆಗಿದ್ದೇ ಏನಿಲ್ಲ ಅಂದೆ. ಮುಂದಿನ ಸರ್ವೀಸಿಗೆ ಬಂದಾಗ ಬೇಯಲ್ಲೇ ಸ್ಟೂಲ್ ಹಾಕಿಕೊಂಡು ಕೂತು, ನಾಲ್ಕೂ ಗಾಲಿ ಇಳಿಯೋತನಕ ಏಳಲಿಲ್ಲ.

ಸೆರಾಮಿಕ್ ಡಬ್ಬಿ ಸ್ಟೋರಿನಲ್ಲಿ ಸಿಗುವುದಿಲ್ಲ, ಹೊರಗೆ ಕೈಯಿಂದ ದುಡ್ಡು ಕೊಟ್ಟು ತಂದದ್ದು. ಅದರ ಬಿಲ್ಲು ಆಗಸ್ಟಿನಿಂದ ಅಕೌಂಟ್ಸ್ ಟೇಬಲ್ ಮೇಲಿದೆ. ಯಾವ ಗಾಡಿ ನಂಬರಿಗೆ ಹಾಕಬೇಕು ಅಂತ ಇನ್ನೂ ಕೇಳುತ್ತಿದ್ದಾರೆ.